ಥಿಯರಿ ಪರೀಕ್ಷೆಯ ಪ್ರಶ್ನೆಪತ್ರಿಕೆ: ಆರಂಭಿಕ ಮತ್ತು ಮಧ್ಯಮ ಹಂತ, ದಯವಿಟ್ಟು ತಿದ್ದಿಕೊಡಿ

ಮಂದ್ರಮಧ್ಯಮ

ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ) ಕಲಿಯುವವರಿಗೆ ಎರಡು ಹಂತದ ಥಿಯರಿ ಪತ್ರಿಕೆ ತಯಾರಾಗುತ್ತಿದೆ. ಆರಂಭಿಕರಿಗೆ 20 ಪ್ರಶ್ನೆ, 30 ನಿಮಿಷ. ಮಧ್ಯಮ ಹಂತಕ್ಕೆ 25 ಪ್ರಶ್ನೆ, 50 ನಿಮಿಷ. ಆರಂಭಿಕರ ಪತ್ರಿಕೆಯಲ್ಲಿ ಅನುಮಾನ ಇರುವ ಐದು ಪ್ರಶ್ನೆ ಇಲ್ಲಿ ಹಾಕಿದ್ದೇನೆ.

4. 6/8ರಲ್ಲಿ ಒಂದು ಬಾರ್‌ಗೆ ಎಷ್ಟು ಬೀಟ್? (2 / 3 / 6 / 8)
7. ಮೂರು ಶಾರ್ಪ್ ಇರುವ ಕೀ ಸಿಗ್ನೇಚರ್ ಯಾವ ಕೀಯದು? (ಡಿ ಮೇಜರ್ / ಎ ಮೇಜರ್ / ಇ ಮೇಜರ್ / ಎಫ್ ಶಾರ್ಪ್ ಮೈನರ್)
11. ಸಿ ಇಂದ 8 ಸೆಮಿಟೋನ್ ಮೇಲಕ್ಕೆ ಹೋದರೆ ಸಿಗುವ ಇಂಟರ್ವಲ್‌ನ ಹೆಸರೇನು?
15. ಸರಿಯೋ ತಪ್ಪೋ: ಸಿ ಶಾರ್ಪ್ ಮತ್ತು ಡಿ ಫ್ಲಾಟ್ ಒಂದೇ ಸ್ವರ.
18. ಸಿ4 ಸ್ಟಾಫಿನ ಮೇಲೆ ಎಲ್ಲಿ ಬರುತ್ತದೆ?

ಏನಾದರೂ ಎಡವಟ್ಟು ಇದ್ದರೆ ಹೇಳಿ.

ಕರಿಮನೆ

ಸರ್, ಐದರಲ್ಲೂ ಇದೆ. ಒಂದೊಂದಾಗಿ ನೋಡೋಣ.

7ನೇ ಪ್ರಶ್ನೆಗೆ ಎರಡು ಸರಿ ಉತ್ತರ ಇವೆ. ಎಫ್, ಸಿ, ಜಿ ಮೂರಕ್ಕೂ ಶಾರ್ಪ್ ಇದ್ದರೆ ಅದು ಎ ಮೇಜರೂ ಹೌದು, ಎಫ್ ಶಾರ್ಪ್ ಮೈನರೂ ಹೌದು. ಕೀ ಸಿಗ್ನೇಚರ್ (ಸಾಲಿನ ಮೊದಲಲ್ಲಿ ಹಾಕುವ ಶಾರ್ಪ್ ಇಲ್ಲವೇ ಫ್ಲಾಟ್ ಗುರುತುಗಳು) ಒಂದನ್ನೇ ನೋಡಿ ಮೇಜರೋ ಮೈನರೋ ಎಂದು ಹೇಳಲು ಯಾರಿಂದಲೂ ಆಗದು. ಹಾಗಾಗಿ "ಯಾವ ಮೇಜರ್ ಕೀ" ಎಂದು ಕೇಳಿ. ಇಲ್ಲವಾದರೆ ನಾಲ್ಕು ಬಾರ್‌ಗಳ ಒಂದು ಸಾಲು ಕೊಟ್ಟು ಕೇಳಿ. ಕೊನೆಯ ಸ್ವರ ಎಫ್ ಶಾರ್ಪ್ ಇದ್ದು, ಅದರ ಹಿಂದೆ ಇ ಶಾರ್ಪ್ ಕಂಡರೆ ಮೈನರ್ ಎಂದು ಗೊತ್ತಾಗಬೇಕು. ಆ ಎರಡನೇ ರೂಪ ಮಧ್ಯಮ ಹಂತಕ್ಕೆ ಸರಿ.

11: ಸಿ ಇಂದ ಎ ಫ್ಲಾಟ್ ಮೈನರ್ ಸಿಕ್ಸ್ತ್. ಸಿ ಇಂದ ಜಿ ಶಾರ್ಪ್ ಆಗ್ಮೆಂಟೆಡ್ ಫಿಫ್ತ್. ಎರಡೂ 8 ಸೆಮಿಟೋನ್ (ಕೀಬೋರ್ಡಿನಲ್ಲಿ ಕಪ್ಪು ಬಿಳಿ ಸೇರಿ ಪಕ್ಕದ ಮನೆಗೆ ಇಡುವ ಒಂದು ಹೆಜ್ಜೆಯೇ ಸೆಮಿಟೋನ್), ಎರಡಕ್ಕೂ ಒತ್ತುವುದು ಅದೇ ಮನೆ. ಸೆಮಿಟೋನ್ ಲೆಕ್ಕ ಒಂದನ್ನೇ ಕೊಟ್ಟು ಹೆಸರು ಕೇಳುವ ಹಾಗಿಲ್ಲ. ಎರಡು ಸ್ವರಗಳನ್ನು ಸ್ಟಾಫಿನ ಮೇಲೆ ಬರೆದೇ ಕೇಳಬೇಕು.

15ಕ್ಕೂ ಇದೇ ತೊಡಕು. ಕೀಬೋರ್ಡಿನ ಮೇಲೆ ಒಂದೇ ಮನೆ, ಬರವಣಿಗೆಯಲ್ಲಿ ಎರಡು ಸ್ವರ. ಚೆನ್ನಾಗಿ ಕಲಿತವನು "ತಪ್ಪು" ಎನ್ನುತ್ತಾನೆ, ಅರೆಬರೆ ಕಲಿತವನು "ಸರಿ" ಎಂದು ಅಂಕ ತೆಗೆದುಕೊಳ್ಳುತ್ತಾನೆ. "ಪಿಯಾನೋದಲ್ಲಿ ಸಿ ಶಾರ್ಪ್‌ನ ಮನೆಗೆ ಇರುವ ಇನ್ನೊಂದು ಹೆಸರೇನು?" ಎಂದರೆ ಮುಗಿಯಿತು.

18: ಮಿಡಲ್ ಸಿಯನ್ನು ಸಿ4 ಎನ್ನುವುದು ಸಾಮಾನ್ಯ ಪದ್ಧತಿ. ಆದರೆ ಕೆಲವು ಕೀಬೋರ್ಡ್ ಮತ್ತು ತಂತ್ರಾಂಶಗಳಲ್ಲಿ ಅದೇ ಸ್ವರ, ಅಂದರೆ ಮಿಡಿ ಸಂಖ್ಯೆ (ಎಲೆಕ್ಟ್ರಾನಿಕ್ ವಾದ್ಯಗಳು ಸ್ವರಕ್ಕೆ ಕೊಡುವ ಸಂಖ್ಯೆ) 60, ಸಿ3 ಎಂದು ತೋರುತ್ತದೆ. ಅಂಕಿ ಬಿಟ್ಟು "ಮಿಡಲ್ ಸಿ" ಎನ್ನಿ.

4ರ ವಿಷಯ ಲಯ ಗೊತ್ತಿರುವವರು ಹೇಳಲಿ.

ಎಣಿಕೆಗಾರ

15ಕ್ಕೆ ಇನ್ನೊಂದು ಆಕ್ಷೇಪ: ಸರಿ-ತಪ್ಪು ಎಂಬ ನಮೂನೆಯೇ ಬೇಡ. 20 ಪ್ರಶ್ನೆಗಳೂ ಸರಿ-ತಪ್ಪಿನವೇ ಆದರೆ, ಏನೂ ಓದದೆ ನಾಣ್ಯ ಚಿಮ್ಮಿ ಬರೆದವನಿಗೆ 10 ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಸುಮಾರು ಶೇ. 59. ನಾಲ್ಕು ಆಯ್ಕೆಯ 20 ಪ್ರಶ್ನೆಗಳಲ್ಲಿ ಅದೇ ಸಾಧ್ಯತೆ ಶೇ. 1.4ಕ್ಕೆ ಇಳಿಯುತ್ತದೆ. ಹಾಗೆಂದು ನಾಲ್ಕು ಆಯ್ಕೆ ಇದ್ದ ಮಾತ್ರಕ್ಕೆ ಸಾಲದು. ಎರಡು ಆಯ್ಕೆ ನೋಡಿದ ಕೂಡಲೇ ಬಿಟ್ಟುಬಿಡುವಂಥವಾದರೆ ಅದು ಮತ್ತೆ ನಾಣ್ಯ ಚಿಮ್ಮುವ ಆಟವೇ.

7ರಲ್ಲಿ ಡಿ ಮೇಜರ್, ಇ ಮೇಜರ್ ಯಾಕೆ ಇಟ್ಟಿರಿ? ಎಂಥ ತಪ್ಪು ಲೆಕ್ಕ ಹಾಕಿದವನು ಅಲ್ಲಿಗೆ ಹೋಗುತ್ತಾನೆ? ಅದಕ್ಕೆ ಉತ್ತರ ಇಲ್ಲವೆಂದರೆ ಆ ಆಯ್ಕೆ ಜಾಗ ತುಂಬಿಸಿದ ಹಾಗಷ್ಟೇ. ಶಾರ್ಪ್ ಕೀ ಕಂಡುಹಿಡಿಯುವ ದಾರಿ: ಕೊನೆಯ ಶಾರ್ಪ್‌ಗಿಂತ ಒಂದು ಸೆಮಿಟೋನ್ ಮೇಲಿನ ಸ್ವರ ಟಾನಿಕ್, ಅಂದರೆ ಆ ಕೀಯ ಮೂಲ ಸ್ವರ. ಇಲ್ಲಿ ಕೊನೆಯದು ಜಿ ಶಾರ್ಪ್, ಮೇಲಿನದು ಎ. ಈ ದಾರಿಯನ್ನು ಅರ್ಧ ನೆನಪಿಟ್ಟವನು ಕೊನೆಯ ಶಾರ್ಪನ್ನೇ ಕೀ ಎಂದುಕೊಂಡು ಜಿ ಮೇಜರ್ ಎನ್ನುತ್ತಾನೆ. ಫ್ಲಾಟಿನ ದಾರಿಯನ್ನು (ಕೊನೆಯಿಂದ ಎರಡನೆಯದು ಟಾನಿಕ್) ಶಾರ್ಪಿಗೆ ಹಚ್ಚಿದವನು ಸಿ ಶಾರ್ಪ್ ಮೇಜರ್ ಎನ್ನುತ್ತಾನೆ. ಶಾರ್ಪ್ ಫ್ಲಾಟ್ ಗಮನಿಸದೆ ಮೂರು ಎಂಬ ಸಂಖ್ಯೆಯನ್ನೇ ಬಾಯಿಪಾಠದಿಂದ ಹುಡುಕಿದವನು ಇ ಫ್ಲಾಟ್ ಮೇಜರ್ ಎನ್ನುತ್ತಾನೆ. ಎ, ಜಿ, ಸಿ ಶಾರ್ಪ್, ಇ ಫ್ಲಾಟ್: ಇವು ನಾಲ್ಕನ್ನು ಇಡಿ. ಆಗ ತಪ್ಪು ಟಿಕ್ ಕೂಡ ನಿಮಗೆ ಕೆಲಸಕ್ಕೆ ಬರುತ್ತದೆ.

ಮಂದ್ರಮಧ್ಯಮ

ಕೀ ಸಿಗ್ನೇಚರಿಗೆ ಇದು ಸರಿ ಹೋಗುತ್ತದೆ. ಇಂಟರ್ವಲ್‌ಗೆ ಇದೇ ರೀತಿ ತಪ್ಪು ಆಯ್ಕೆ ಕಟ್ಟುವುದು ಹೇಗೆ?

ಕರಿಮನೆ

ಇಂಟರ್ವಲ್‌ನಲ್ಲಿ, ಅಂದರೆ ಎರಡು ಸ್ವರಗಳ ಅಂತರದಲ್ಲಿ, ಎರಡು ಎಣಿಕೆ ಇವೆ, ಎರಡರ ನಿಯಮವೂ ಬೇರೆ. ಗೊಂದಲವೆಲ್ಲ ಅಲ್ಲೇ ಹುಟ್ಟುವುದು.

ಅಕ್ಷರ ಎಣಿಸುವಾಗ ಮೊದಲ ಸ್ವರವನ್ನೂ ಸೇರಿಸಬೇಕು: ಡಿ, ಇ, ಎಫ್, ಜಿ, ಎ, ಬಿ ಅಂದರೆ ಆರು, ಸಿಕ್ಸ್ತ್. ಸೆಮಿಟೋನ್ ಎಣಿಸುವಾಗ ಮೊದಲ ಸ್ವರವನ್ನು ಸೇರಿಸಬಾರದು, ಹೆಜ್ಜೆ ಮಾತ್ರ ಎಣಿಸಬೇಕು. ಅಕ್ಷರ ಮೊದಲು, ಸೆಮಿಟೋನ್ ಆಮೇಲೆ. ಅಕ್ಷರದಿಂದ ಸಿಕ್ಸ್ತ್ ಎಂದು ಗೊತ್ತಾದ ಮೇಲೆ ಸೆಮಿಟೋನ್ 8 ಇದ್ದರೆ ಮೈನರ್, 9 ಇದ್ದರೆ ಮೇಜರ್.

ಡಿ ಇಂದ ಬಿ ಫ್ಲಾಟ್ ಕೇಳಿದಿರಿ ಎನ್ನಿ. ಸರಿ ಉತ್ತರ ಮೈನರ್ ಸಿಕ್ಸ್ತ್.
ಆಗ್ಮೆಂಟೆಡ್ ಫಿಫ್ತ್ ಎಂದವನು ಬರೀ ಸೆಮಿಟೋನ್ ಎಣಿಸಿದ್ದಾನೆ, ಇಲ್ಲವೇ ಅಕ್ಷರ ಎಣಿಸುವಾಗ ಡಿ ಬಿಟ್ಟಿದ್ದಾನೆ.
ಡಿಮಿನಿಶ್ಡ್ ಸಿಕ್ಸ್ತ್ ಎಂದವನು ಡಿ–ಬಿಯನ್ನೇ ಮೈನರ್ ಎಂದುಕೊಂಡು, ಫ್ಲಾಟ್ ಬಂತಲ್ಲ ಎಂದು ಇನ್ನೊಂದು ಮೆಟ್ಟಿಲು ಇಳಿದಿದ್ದಾನೆ.
ಮೇಜರ್ ಸಿಕ್ಸ್ತ್ ಎಂದವನ ವಿಷಯ ಮಾತ್ರ ತೊಡಕಿನದು. ಅವನು ಫ್ಲಾಟ್ ನೋಡದೆ ಇರಬಹುದು. ಸೆಮಿಟೋನ್ ಎಣಿಸುವಾಗ ಡಿಯನ್ನೂ ಸೇರಿಸಿ 9 ಎಂದಿರಬಹುದು. ಒಂದೇ ಟಿಕ್, ಎರಡು ಕಾಯಿಲೆ.

ಬೇರ್ಪಡಿಸಬೇಕಾದರೆ ಜೋಡಿ ಪ್ರಶ್ನೆ ಇಡಿ. ಎ ಇಂದ ಎಫ್, ಎರಡೂ ಬಿಳಿ ಮನೆ. ಇದೂ 8 ಸೆಮಿಟೋನಿನ ಮೈನರ್ ಸಿಕ್ಸ್ತೇ. ಇಲ್ಲಿ ಮರೆಯಲು ಫ್ಲಾಟ್ ಇಲ್ಲ. ಇಲ್ಲೂ ಮೇಜರ್ ಎಂದರೆ ಎಣಿಕೆಯದೇ ದೋಷ. ಜೋಡಿಯನ್ನು ಪತ್ರಿಕೆಯಲ್ಲಿ ಪಕ್ಕಪಕ್ಕ ಇಡಬೇಡಿ, ಆರೇಳು ಪ್ರಶ್ನೆ ಅಂತರವಿರಲಿ.

ಇನ್ನೊಂದು ಒಳ್ಳೆಯ ಪ್ರಶ್ನೆ: ಇ ಫ್ಲಾಟ್ ಇಂದ ಸಿ. ಫ್ಲಾಟ್ ಇರುವುದು ಕೆಳಗಿನ ಸ್ವರಕ್ಕೆ, ಆದ್ದರಿಂದ ಇಂಟರ್ವಲ್ ಹಿಗ್ಗುತ್ತದೆ. ಇ–ಸಿ 8, ಇ ಫ್ಲಾಟ್–ಸಿ 9, ಮೇಜರ್ ಸಿಕ್ಸ್ತ್. "ಫ್ಲಾಟ್ ಅಂದರೆ ಚಿಕ್ಕದಾಗುತ್ತದೆ" ಎಂದು ಉರು ಹೊಡೆದವರೆಲ್ಲ ಡಿಮಿನಿಶ್ಡ್ ಸಿಕ್ಸ್ತ್‌ಗೆ ಬೀಳುತ್ತಾರೆ. ಬರೀ 9 ಎಣಿಸಿದವರಿಗೆ ಡಿಮಿನಿಶ್ಡ್ ಸೆವೆಂತ್ ಇಡಿ, ಫ್ಲಾಟ್ ನೋಡದವರಿಗೆ ಮೈನರ್ ಸಿಕ್ಸ್ತ್.

ಮಧ್ಯಮ ಹಂತದವರು ಪ್ರತಿ ಸಲ ಸೆಮಿಟೋನ್ ಎಣಿಸುತ್ತಾ ಕೂತರೆ 50 ನಿಮಿಷ ಸಾಲದು. ಬಿಳಿ ಮನೆಗಳ ಇಂಟರ್ವಲ್ ಬಾಯಲ್ಲಿರಬೇಕು. ಫೋರ್ತ್‌ಗಳಲ್ಲಿ ಎಫ್–ಬಿ ಒಂದು ಆಗ್ಮೆಂಟೆಡ್, ಉಳಿದವೆಲ್ಲ ಪರ್ಫೆಕ್ಟ್. ಫಿಫ್ತ್‌ಗಳಲ್ಲಿ ಬಿ–ಎಫ್ ಒಂದು ಡಿಮಿನಿಶ್ಡ್, ಉಳಿದವೆಲ್ಲ ಪರ್ಫೆಕ್ಟ್. ಥರ್ಡ್‌ಗಳಲ್ಲಿ ಸಿ, ಎಫ್, ಜಿ ಇಂದ ಹೊರಟವು ಮೂರೇ ಮೇಜರ್. ಸೆವೆಂತ್‌ಗಳಲ್ಲಿ ಸಿ–ಬಿ, ಎಫ್–ಇ ಎರಡೇ ಮೇಜರ್. ಇಷ್ಟು ಗೊತ್ತಿದ್ದರೆ ಶಾರ್ಪ್ ಫ್ಲಾಟ್ ಆಮೇಲೆ ಕೂಡಿ ಕಳೆದರಾಯಿತು.

ತಂಬೂರಿ

ಕರ್ನಾಟಕ ಸಂಗೀತ ಕಲಿತು ಬಂದ ಮಕ್ಕಳು ಈ ಪತ್ರಿಕೆ ಬರೆಯುತ್ತಾರೆಯೇ? ಬರೆಯುವುದಾದರೆ ಅವರ ತಪ್ಪುಗಳು ಬೇರೆ ಥರ ಇರುತ್ತವೆ. ಅದನ್ನು "ಥಿಯರಿ ಗೊತ್ತಿಲ್ಲ" ಎಂದು ಲೆಕ್ಕ ಹಾಕಿದರೆ ಅನ್ಯಾಯ.

ಮೊದಲನೆಯದು ಅಕ್ಷರ. ಉತ್ತರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಹೇಳಿದಾಗ "ಜಿ" ಎಂದು ಬರೆದವನ ಮನಸ್ಸಿನಲ್ಲಿ ಇರುವುದು ಗಾಂಧಾರವಾಗಿರಬಹುದು. ಸಿಯನ್ನು ಷಡ್ಜ ಮಾಡಿಕೊಂಡರೆ ಗಾಂಧಾರ ಬರುವುದು ಇ ಮೇಲೆ, ಜಿ ಮೇಲೆ ಬರುವುದು ಪಂಚಮ. ಹಾಗೆಯೇ ಡಿ ಎಂದರೆ ಧೈವತ ಎಂದುಕೊಳ್ಳುತ್ತಾರೆ, ಆದರೆ ಅಲ್ಲಿರುವುದು ರಿಷಭ. ಉತ್ತರದಲ್ಲಿ ಇ ಇರಬೇಕಾದಲ್ಲೆಲ್ಲ ಜಿ, ಎ ಇರಬೇಕಾದಲ್ಲೆಲ್ಲ ಡಿ ಕಂಡರೆ ಇದೇ ಕಾರಣ, ಅನುಮಾನವೇ ಬೇಡ.

ಎರಡನೆಯದು ಶ್ರುತಿಯ ಅಂಕಿ. ಒಂದನೇ ಮನೆ ಸಿ, ಎರಡು ಡಿ, ನಾಲ್ಕು ಎಫ್, ನಾಲ್ಕೂವರೆ ಎಫ್ ಶಾರ್ಪ್, ಐದು ಜಿ. ಸ್ಕೇಲ್ ಡಿಗ್ರಿ ಕೇಳುವಾಗ "ಜಿ ಮೇಜರಿನ ನಾಲ್ಕನೆಯದು" ಎಂದರೆ ನಾಲ್ಕು ಮನೆಯ ನೆನಪಲ್ಲಿ ಎಫ್ ಎನ್ನುವವರಿದ್ದಾರೆ. ಸರಿ ಉತ್ತರ ಸಿ. "ಜಿಯನ್ನು ಒಂದು ಎಂದು ಎಣಿಸಿದರೆ ನಾಲ್ಕನೇ ಸ್ವರ" ಎಂದು ಬಿಡಿಸಿ ಬರೆಯಿರಿ. ಇದೇ ಪ್ರಶ್ನೆಯನ್ನು ಎಫ್, ಡಿ, ಬಿ ಫ್ಲಾಟ್ ಕೀಗಳಲ್ಲೂ ಕೇಳಿ. ಸಿ ಮೇಜರ್‌ನಲ್ಲಿ ಕೇಳಿದರೆ ಏನೂ ಬಯಲಾಗುವುದಿಲ್ಲ, ಯಾಕೆಂದರೆ ಅಲ್ಲಿ ನಾಲ್ಕನೇ ಮನೆ, ನಾಲ್ಕನೇ ಸ್ವರ ಎರಡೂ ಎಫ್ಫೇ.

ಮೂರನೆಯದು ಸ್ವಾರಸ್ಯದ್ದು. ಸಿ ಇಂದ ಒಂದು ಸ್ಕೇಲ್ ಬರೆಯಿರಿ ಎಂದಷ್ಟೇ ಕೇಳಿದರೆ ಕೆಲವರು ಡಿ ಫ್ಲಾಟ್, ಎ ಫ್ಲಾಟ್ ಹಾಕುತ್ತಾರೆ. ಸರಳೆ ಕಲಿತದ್ದು ಮಾಯಾಮಾಳವಗೌಳದಲ್ಲಿ. ಅದರ ಶುದ್ಧ ರಿಷಭ, ಶುದ್ಧ ಧೈವತ ಕೈಗೆ ಅಂಟಿಕೊಂಡಿರುತ್ತವೆ. ಪ್ರಶ್ನೆಯಲ್ಲಿ "ಮೇಜರ್ ಸ್ಕೇಲ್" ಎಂದು ಸ್ಪಷ್ಟವಾಗಿ ಇರಲಿ. 2-2-1-2-2-2-1 ಎಂಬ ಸೆಮಿಟೋನ್ ಕ್ರಮವನ್ನೂ ಅವರಿಂದಲೇ ಬರೆಸಿ.

ಅನುಕೂಲವೂ ಒಂದಿದೆ. ಸಿ ಶಾರ್ಪ್ ಬೇರೆ, ಡಿ ಫ್ಲಾಟ್ ಬೇರೆ ಎನ್ನುವುದು ಬೇರೆಯವರಿಗೆ ಕಷ್ಟ, ಈ ಮಕ್ಕಳಿಗೆ ಸುಲಭ. ಚತುಶ್ರುತಿ ರಿಷಭ, ಶುದ್ಧ ಗಾಂಧಾರ ಎರಡೂ ಒಂದೇ ಸ್ಥಾನದಲ್ಲಿವೆ, ಆದರೂ ಮೇಳಕರ್ತದಲ್ಲಿ (ಏಳು ಸ್ವರದ ಮೂಲ ರಾಗದಲ್ಲಿ) ರಿ ಒಂದು ಗ ಒಂದು ಇರಲೇಬೇಕು. ಒಂದು ಸ್ಕೇಲಿನಲ್ಲಿ ಏಳು ಅಕ್ಷರವೂ ಒಂದೊಂದು ಸಲ ಬರಬೇಕು ಎಂಬ ನಿಯಮ ಇದರ ತಮ್ಮನೇ. ಎಫ್ ಮೇಜರಿನಲ್ಲಿ ಎ ಶಾರ್ಪ್ ಬರೆದವನಿಗೆ "ಎ ಎರಡು ಸಲ ಬಂತು, ಬಿ ಎಲ್ಲಿ?" ಎಂದರೆ ತಕ್ಷಣ ತಿದ್ದಿಕೊಳ್ಳುತ್ತಾನೆ.

ಎಣಿಕೆಗಾರ

ಒಂದು ಸಂದೇಹ. "ಹಾರ್ಮೋನಿಕ್ ಮೈನರ್ ಎಂದರೇನು" ಎಂಬ ಪ್ರಶ್ನೆಗೆ "ಕೀರವಾಣಿ" ಎಂದು ಬರೆದರೆ ಅಂಕ ಕೊಡುವುದೋ ಬಿಡುವುದೋ?

ತಂಬೂರಿ

ಸ್ವರಸ್ಥಾನದ ಮಟ್ಟಿಗೆ ಸರಿಯೇ. ಮೇಜರ್ 29ನೇ ಮೇಳ ಧೀರಶಂಕರಾಭರಣ, ನ್ಯಾಚುರಲ್ ಮೈನರ್ 20ನೇ ನಟಭೈರವಿ, ಹಾರ್ಮೋನಿಕ್ 21ನೇ ಕೀರವಾಣಿ, ಮೆಲೋಡಿಕ್‌ನ ಆರೋಹಣ 23ನೇ ಗೌರಿಮನೋಹರಿ. ಆದರೆ ರಾಗ ಅಂದರೆ ಬರೀ ಸ್ವರಗಳ ಪಟ್ಟಿಯಲ್ಲವಲ್ಲ. ಗಮಕ, ಸಂಚಾರ ಎಲ್ಲ ಅದರೊಳಗೇ ಬಂತು. ಅರ್ಧ ಅಂಕ ಕೊಡಿ.

ಎಣಿಕೆಗಾರ

ಅರ್ಧ ಅಂಕ ಎಂದರೆ ಮೌಲ್ಯಮಾಪಕರ ನಡುವೆ ಜಗಳ ಎಂದರ್ಥ. "ಎಂದರೇನು" ಎಂಬ ಪ್ರಶ್ನೆಯನ್ನೇ ಕಿತ್ತುಹಾಕಿ. "ಡಿ ಹಾರ್ಮೋನಿಕ್ ಮೈನರ್ ಆರೋಹಣವನ್ನು ಕೀ ಸಿಗ್ನೇಚರ್ ಹಾಕದೆ ಬರೆಯಿರಿ" ಎಂದು ಕೇಳಿ. ಬಿ ಫ್ಲಾಟ್‌ಗೆ ಒಂದು ಅಂಕ, ಸಿ ಶಾರ್ಪ್‌ಗೆ ಒಂದು. ಕೀರವಾಣಿ ಎಂದು ತಿಳಿದು ಬರೆದರೂ ಅದೇ ಉತ್ತರ ಬರುತ್ತದೆ, ಯಾರಿಗೂ ನಷ್ಟವಿಲ್ಲ.

ತಂಬೂರಿ

ಒಪ್ಪಿದೆ.

ತಿಶ್ರನಡೆ

4ನೇ ಪ್ರಶ್ನೆಗೆ ಬರುತ್ತೇನೆ. 6/8ರಲ್ಲಿ ಎರಡು ಬೀಟ್, ಒಂದೊಂದೂ ಡಾಟೆಡ್ ಕ್ವಾರ್ಟರ್. ಆದರೆ ತೀರಾ ವಿಳಂಬದಲ್ಲಿ ಆರು ಎಣಿಸಿ ಬಾರಿಸುವುದೂ ಇದೆ, ಹಾಗಾಗಿ 6 ಎಂದವನನ್ನು ಪೂರ್ತಿ ತಪ್ಪು ಎನ್ನಲಾಗದು. ಬೀಟ್ ಸಂಖ್ಯೆ ಕೇಳುವ ಬದಲು ಗುಂಪು ಮಾಡಿಸಿ.

ಹೀಗೆ: ಆರು ಎಯ್ತ್ ನೋಟ್‌ಗಳನ್ನು ಬಿಡಿಬಿಡಿಯಾಗಿ, ಬೀಮ್ (ನೋಟ್‌ಗಳನ್ನು ಜೋಡಿಸುವ ದಪ್ಪ ಗೆರೆ) ಇಲ್ಲದೆ, ಎರಡು ಸಾಲಿನಲ್ಲಿ ಮುದ್ರಿಸಿ. ಒಂದು ಸಾಲಿನ ಮುಂದೆ 3/4, ಇನ್ನೊಂದರ ಮುಂದೆ 6/8. "ಬೀಮ್ ಹಾಕಿ ಜೋಡಿಸಿ, ಬೀಟ್ ಬೀಳುವ ಜಾಗಕ್ಕೆ ಬಾಣದ ಗುರುತು ಹಾಕಿ" ಎನ್ನಿ. 3/4ರಲ್ಲಿ 2+2+2, ಮೂರು ಬಾಣ. 6/8ರಲ್ಲಿ 3+3, ಎರಡು ಬಾಣ. 3/4ರಲ್ಲಿ ಆರನ್ನೂ ಒಂದೇ ಬೀಮ್‌ಗೆ ಸೇರಿಸುವ ರೂಢಿಯೂ ಇದೆ, ಅದನ್ನು ತಪ್ಪು ಮಾಡಬೇಡಿ. 3+3 ಮಾಡಿದರೆ ಮಾತ್ರ ತಪ್ಪು. ಬಾಣ ಹಾಕಿಸುವುದು ಅದಕ್ಕೇ: ಬೀಮ್ ಹೇಗೇ ಇರಲಿ, ಎಣಿಕೆ ತಿಳಿದಿದೆಯೋ ಇಲ್ಲವೋ ಬಾಣ ಹೇಳುತ್ತದೆ. ತಾಳ ಬಲ್ಲವರಿಗೆ ತಿಶ್ರ ನಡೆಯಲ್ಲಿ ಎರಡು ಎಣಿಕೆ ಎಂದರೆ 6/8 ಒಂದೇ ಮಾತಲ್ಲಿ ಮುಗಿಯುತ್ತದೆ.

ರೆಸ್ಟ್ (ಮೌನದ ಗುರುತು) ಬಗ್ಗೆ ಯಾರೂ ಮಾತೆತ್ತಿಲ್ಲ, ಅಂಕ ಸೋರಿಹೋಗುವುದೆಲ್ಲ ಅಲ್ಲೇ. ಹೋಲ್ ರೆಸ್ಟ್ ಕೆಳಗಿನಿಂದ ನಾಲ್ಕನೇ ಗೆರೆಗೆ ತೂಗುಬೀಳುತ್ತದೆ, ಹಾಫ್ ರೆಸ್ಟ್ ನಡುಗೆರೆಯ ಮೇಲೆ ಕೂರುತ್ತದೆ. ಎರಡೂ ಒಂದೇ ಕಪ್ಪು ಇಟ್ಟಿಗೆ. ಪತ್ರಿಕೆಯನ್ನು ಜೆರಾಕ್ಸ್ ಮಾಡಿದಾಗ ಗೆರೆ ಮಸುಕಾದರೆ ಯಾವುದು ಯಾವುದೆಂದು ದೇವರಿಗೂ ತಿಳಿಯದು. ಸ್ಟಾಫ್ ದೊಡ್ಡದಾಗಿ ಮುದ್ರಿಸಿ, ಗೆರೆಗಳ ನಡುವೆ ಕನಿಷ್ಠ 2.5 ಮಿಲಿಮೀಟರ್ ಜಾಗ ಇರಲಿ. ಕೈಯಲ್ಲಿ ಬರೆಯುವ ಸ್ಟಾಫ್ ಆದರೆ 3.

"ಬಾರ್ ಪೂರ್ತಿ ಮಾಡಿ" ಎಂಬ ಪ್ರಶ್ನೆ ಇಡುವಾಗಲೂ ಹುಷಾರು. 4/4ರಲ್ಲಿ ಮೊದಲು ಒಂದು ಕ್ವಾರ್ಟರ್ ನೋಟ್ ಕೊಟ್ಟು ಉಳಿದದ್ದನ್ನು ರೆಸ್ಟ್‌ನಿಂದ ತುಂಬಿ ಎಂದರೆ, ಲೆಕ್ಕಕ್ಕೆ ಡಾಟೆಡ್ ಹಾಫ್ ರೆಸ್ಟ್ ಕೂಡ ಸರಿಹೋಗುತ್ತದೆ. ರೂಢಿಗೆ ಸರಿಯಲ್ಲ. ಬಾರಿನ ನಡುಮಧ್ಯ ಕಾಣಬೇಕು, ಆದ್ದರಿಂದ ಕ್ವಾರ್ಟರ್ ರೆಸ್ಟ್, ಆಮೇಲೆ ಹಾಫ್ ರೆಸ್ಟ್. ಆರಂಭಿಕರಿಗೆ ಲೆಕ್ಕ ಸರಿಯಿದ್ದರೆ ಅಂಕ ಕೊಡಿ. ಮಧ್ಯಮ ಹಂತದಲ್ಲಿ ಕ್ರಮಕ್ಕೂ ಅಂಕ ಇಟ್ಟು, ಅದನ್ನು ಪ್ರಶ್ನೆಯಲ್ಲೇ ತಿಳಿಸಿ. ಇನ್ನು 3/4ರಲ್ಲಿ ಇಡೀ ಬಾರ್ ಮೌನವಿದ್ದರೆ ಹಾಕುವುದು ಹೋಲ್ ರೆಸ್ಟನ್ನೇ. ನಾಲ್ಕು ಬೀಟಿನದಲ್ಲವೇ ಅದು ಎಂದು ಗಾಬರಿಯಾಗಿ ಡಾಟೆಡ್ ಹಾಫ್ ಹಾಕುತ್ತಾರೆ. ಇದಕ್ಕೊಂದು ಪ್ರಶ್ನೆ ಮೀಸಲಿಡಿ.

ಚುಕ್ಕಿಗೆ ಒಂದು. ಹಾಫ್ ನೋಟಿಗೆ ಒಂದು ಚುಕ್ಕಿ ಇಟ್ಟರೆ 3 ಬೀಟ್, ಎರಡು ಚುಕ್ಕಿ ಇಟ್ಟರೆ 3.5. ಎರಡನೇ ಚುಕ್ಕಿ ಮೊದಲನೆಯದರ ಅರ್ಧ. 4 ಎಂದವನು ಎರಡು ಚುಕ್ಕಿಗೂ ಒಂದೊಂದು ಬೀಟ್ ಕೊಟ್ಟಿದ್ದಾನೆ.

ಮಂದ್ರಮಧ್ಯಮ

ಇಷ್ಟು ಬರುತ್ತದೆಂದು ಅಂದುಕೊಂಡಿರಲಿಲ್ಲ, ಧನ್ಯವಾದ. ಮಧ್ಯಮ ಹಂತಕ್ಕೆ ಮೈನರ್ ಸ್ಕೇಲ್, ಟ್ರಯಾಡ್ (ಮೂರು ಸ್ವರದ ಕಾರ್ಡ್), ಡಾಮಿನೆಂಟ್ ಸೆವೆಂತ್, ಕೇಡೆನ್ಸ್ (ಸಾಲು ಬಂದು ನಿಲ್ಲುವ ಕಾರ್ಡ್‌ಗಳು) ಇಟ್ಟಿದ್ದೇನೆ. ಡಿಮಿನಿಶ್ಡ್ ಸೆವೆಂತ್ ಕಾರ್ಡ್ ಕೂಡ ಇಡಲೇ?

ಕರಿಮನೆ

ಡಿಮಿನಿಶ್ಡ್ ಸೆವೆಂತ್ ಬೇಡ. ಮೂರು ಮೂರು ಸೆಮಿಟೋನಿನ ಸಮಾನ ಮೆಟ್ಟಿಲು ಅದು. ಬರೆದ ಅಕ್ಷರ ನೋಡದೆ ರೂಟ್ ಹೇಳಲಾಗದು. ಕೇಳಿಸಿ ಕೇಳಿದರಂತೂ ಉತ್ತರವೇ ಇಲ್ಲ.

ಮೈನರ್‌ನಲ್ಲಿ ಎ ಮೈನರ್ ಮಾತ್ರ ಕೇಳಿ ಬಿಟ್ಟರೆ ಏನೂ ತಿಳಿಯುವುದಿಲ್ಲ. ಏಳನೆಯದನ್ನು ಏರಿಸಿದರೆ ಜಿ ಶಾರ್ಪ್, ಎಲ್ಲರೂ ಬರೆಯುತ್ತಾರೆ. ಸಿ ಮೈನರ್ ಕೇಳಿ. ಏಳನೆಯದು ಬಿ ಫ್ಲಾಟ್, ಏರಿಸಿದರೆ ಬಿ ನ್ಯಾಚುರಲ್. "ಏರಿಸು ಅಂದರೆ ಶಾರ್ಪ್" ಎಂದುಕೊಂಡವರು ಬಿ ಶಾರ್ಪ್ ಬರೆಯುತ್ತಾರೆ. ಚುರುಕಾದವರಿಗೆ ಜಿ ಶಾರ್ಪ್ ಮೈನರ್ ಕೇಳಿ. ಅಲ್ಲಿ ಎಫ್ ಶಾರ್ಪ್ ಏರಿ ಎಫ್ ಡಬಲ್ ಶಾರ್ಪ್ ಆಗಬೇಕು. ಜಿ ನ್ಯಾಚುರಲ್ ಬರೆದರೆ ಮನೆ ಸರಿ, ಅಕ್ಷರ ತಪ್ಪು. ಮೆಲೋಡಿಕ್ ಮೈನರ್ ಕೇಳುವಾಗ ಆರೋಹಣವೋ ಅವರೋಹಣವೋ ಎಂದು ಹೇಳಲೇಬೇಕು. ಇಳಿಯುವಾಗ ಆರು, ಏಳು ಎರಡೂ ನ್ಯಾಚುರಲ್ ಮೈನರಿನ ಸ್ಥಾನಕ್ಕೆ ಮರಳುತ್ತವೆ.

ಟ್ರಯಾಡ್‌ನಲ್ಲಿ ನೋಡಬೇಕಾದ್ದು ರೂಟಿಗೂ (ಕಾರ್ಡಿಗೆ ಹೆಸರು ಕೊಡುವ ಸ್ವರ) ಬೇಸಿಗೂ (ಎಲ್ಲಕ್ಕಿಂತ ಕೆಳಗಿನ ಸ್ವರ) ಇರುವ ವ್ಯತ್ಯಾಸ. ಬೇಸಿನಲ್ಲಿ ರೂಟ್ ಬದಲು ಬೇರೆ ಸ್ವರ ಬಂದರೆ ಇನ್ವರ್ಶನ್. ಕೆಳಗಿನಿಂದ ಇ, ಜಿ, ಸಿ ಕೊಡಿ. ಸರಿ ಉತ್ತರ ಸಿ ಮೇಜರ್, ಫಸ್ಟ್ ಇನ್ವರ್ಶನ್. ಕೆಳಗಿನದೇ ರೂಟ್ ಎಂದುಕೊಂಡವನು ಇ ಮೈನರ್ ಎನ್ನುತ್ತಾನೆ. ರೂಟ್ ಸಿಕ್ಕರೂ ಇನ್ವರ್ಶನ್ ತಪ್ಪಿದವನಿಗೆ "ಸಿ ಮೇಜರ್, ಸೆಕೆಂಡ್ ಇನ್ವರ್ಶನ್" ಇಡಿ. ಇದೇ ಮೂರು ಸ್ವರಗಳನ್ನು ಎರಡು ಸ್ಟಾಫಿಗೆ ಹರಡಿ, ಸಿಯನ್ನು ಎರಡು ಸಲ ಬರೆದು ಇನ್ನೊಂದು ಪ್ರಶ್ನೆ ಮಾಡಿ: ಬೇಸ್ ಕ್ಲೆಫಿನಲ್ಲಿ ಇ, ಮೇಲೆ ಸಿ, ಜಿ, ಸಿ. ಒತ್ತಾಗಿ ಬರೆದಾಗ ಗುರುತಿಸಿದವರಲ್ಲೂ ಕೆಲವರು ಇಲ್ಲಿ ಎಡವುತ್ತಾರೆ. ಅಕ್ಷರಗಳನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿ ಸಿ-ಇ-ಜಿ ಮಾಡಿಕೊಳ್ಳುವ ಕ್ರಮ ಅವರಿಗೆ ಬಂದಿಲ್ಲ, ಕಣ್ಣಿಗೆ ಆಕಾರ ಮಾತ್ರ ಪರಿಚಯ.

ಡಾಮಿನೆಂಟ್ ಸೆವೆಂತ್‌ಗೆ ಒಂದೇ ಪ್ರಶ್ನೆ ಸಾಕು: ಸಿ ಮೈನರ್ ಕೀ ಸಿಗ್ನೇಚರ್ ಹಾಕಿ ವಿ7 (ರೋಮನ್ ಅಂಕಿಯ ಐದು, ಅಂದರೆ ಐದನೇ ಸ್ವರದ ಮೇಲಿನ ಸೆವೆಂತ್ ಕಾರ್ಡ್) ಬರೆಯಿರಿ. ಜಿ, ಬಿ, ಡಿ, ಎಫ್. ಬಿಗೆ ನ್ಯಾಚುರಲ್ ಹಾಕಿದರೆ ಮೈನರ್ ಸ್ಕೇಲೂ ಗೊತ್ತು, ಕಾರ್ಡೂ ಗೊತ್ತು.

ಕೇಡೆನ್ಸ್ ಹೆಸರುಗಳಲ್ಲಿ ಬ್ರಿಟಿಷ್ ಅಮೆರಿಕನ್ ಬೇರೆ. ವಿ ಮೇಲೆ ನಿಲ್ಲುವುದು ಬ್ರಿಟಿಷ್ ರೂಢಿಯಲ್ಲಿ ಇಂಪರ್ಫೆಕ್ಟ್, ಅಮೆರಿಕನ್ ರೂಢಿಯಲ್ಲಿ ಹಾಫ್. ಅಮೆರಿಕನ್ನರ "ಇಂಪರ್ಫೆಕ್ಟ್ ಆಥೆಂಟಿಕ್" ಇನ್ನೇನೋ. ಒಂದೇ ನೋಟಿಗೆ ಕ್ರಾಚೆಟ್, ಕ್ವಾರ್ಟರ್ ನೋಟ್ ಎಂಬ ಎರಡು ಹೆಸರಿನ ಜಗಳವೂ ಇದೇ. ಯಾವುದಾದರೂ ಒಂದು ಪದ್ಧತಿ ಹಿಡಿದು ಪತ್ರಿಕೆಯ ಮೇಲ್ಭಾಗದಲ್ಲೇ ಬರೆದುಬಿಡಿ.

ಕಿವಿಮಾತು

ಇಷ್ಟೆಲ್ಲ ಚರ್ಚೆ ಆಯಿತು, ಒಂದು ಸ್ವರವೂ ಕೇಳಿಸಲಿಲ್ಲ! ವಿ7 ಬರೆಯಲು ಬಂದು, ಅದು ಒಂದಕ್ಕೆ ಬಂದು ಕೂತದ್ದು ಕಿವಿಗೆ ತಿಳಿಯದಿದ್ದರೆ ಅದು ಬರೀ ಲೆಕ್ಕದ ಪಾಠ.

ಎಣಿಕೆಗಾರ

ಒಪ್ಪುತ್ತೇನೆ, ಆದರೆ ಒಂದೇ ಅಂಕಪಟ್ಟಿಯಲ್ಲಿ ಬೆರೆಸಬೇಡಿ. ಒಟ್ಟು 60 ಬಂದ ಇಬ್ಬರಲ್ಲಿ ಒಬ್ಬನಿಗೆ ಕಿವಿ ಇಲ್ಲ, ಇನ್ನೊಬ್ಬನಿಗೆ ಬರವಣಿಗೆ ಇಲ್ಲ ಎಂದಾದರೆ ಆ 60 ಯಾರಿಗೂ ಏನೂ ಹೇಳುವುದಿಲ್ಲ.

ಕಿವಿಮಾತು

ಬೇರೆ ಭಾಗ ಮಾಡಿ, ಬೇರೆ ಅಂಕ ಕೊಡಿ, ತಕರಾರಿಲ್ಲ. ಮಾಡುವ ಕ್ರಮ ಹೇಳುತ್ತೇನೆ.

ಆರಂಭಿಕರಿಗೆ ಎರಡು ಸ್ವರ ನುಡಿಸಿ ಏರಿತೋ ಇಳಿಯಿತೋ, ಪಕ್ಕದ ಸ್ವರವೋ ಜಿಗಿತವೋ, ಅಷ್ಟೇ. ಮಧ್ಯಮ ಹಂತಕ್ಕೆ ನಾಲ್ಕು ಬಾರಿನ ಡಿಕ್ಟೇಶನ್, ಅಂದರೆ ಕೇಳಿ ಬರೆಯುವುದು. ಮೊದಲು ಕೀ ಹೆಸರು, ಟೈಮ್ ಸಿಗ್ನೇಚರ್, ಮೊದಲ ಸ್ವರ ಬರೆದು ಕೊಡಿ. ಒಂದು–ನಾಲ್ಕು–ಐದು–ಒಂದು ಕಾರ್ಡ್ ನುಡಿಸಿ ಕೀಯನ್ನು ಕಿವಿಗೆ ಕೂರಿಸಿ. ಒಂದು ಬಾರ್ ಎಣಿಸಿ ಶುರು ಮಾಡಿ. ನಿಮಿಷಕ್ಕೆ 60ರಿಂದ 70 ಬೀಟ್. ಮೊದಲ ಸಲ ಪೂರ್ತಿ ನುಡಿಸಿ, ಯಾರೂ ಬರೆಯುವಂತಿಲ್ಲ. ಆಮೇಲೆ ಎರಡೆರಡು ಬಾರ್ ಬಿಡಿಸಿ, ಒಂದೊಂದನ್ನೂ ಎರಡು ಸಲ, ನಡುವೆ 30 ಸೆಕೆಂಡ್ ಬಿಡುವು. ಕೊನೆಗೆ ಪೂರ್ತಿ ಇನ್ನೊಂದು ಸಲ. ಫೋನಿನ ಸ್ಪೀಕರಿನಿಂದ ನುಡಿಸಬೇಡಿ. ಬೇಸ್ ಸ್ವರ ಅದರಲ್ಲಿ ಕೇಳುವುದೇ ಇಲ್ಲ, ಇನ್ವರ್ಶನ್ ಪ್ರಶ್ನೆ ಹಾಳಾಗುತ್ತದೆ.

ಅಂಕ ಹಾಕುವಾಗ ಲಯಕ್ಕೆ ಬೇರೆ, ಸ್ವರಕ್ಕೆ ಬೇರೆ. ಸ್ವರವನ್ನು ಉತ್ತರ ಪ್ರತಿಯ ಮೇಲಿಟ್ಟು ಹೋಲಿಸಬೇಡಿ. ಎರಡನೇ ಬಾರಿನಲ್ಲಿ ಥರ್ಡ್ ಜಿಗಿತವನ್ನು ಸೆಕೆಂಡ್ ಎಂದು ಕೇಳಿಸಿಕೊಂಡವನ ಮುಂದಿನ ಸ್ವರಗಳೆಲ್ಲ ಒಂದು ಮೆಟ್ಟಿಲು ಜಾರಿರುತ್ತವೆ. ಒಂದು ತಪ್ಪಿಗೆ ಹತ್ತು ಸಲ ಹೊಡೆದ ಹಾಗೆ ಆಗುತ್ತದೆ. ಸ್ವರದಿಂದ ಸ್ವರಕ್ಕೆ ಇರುವ ನಡೆಯನ್ನು ನೋಡಿ, ತಪ್ಪಿದ ನಡೆಗೆ ಮಾತ್ರ ಕಳೆಯಿರಿ. ಕೊನೆಯಲ್ಲಿ ಟಾನಿಕ್‌ಗೆ ಬಂದು ನಿಂತಿದ್ದೇನೋ ಇಲ್ಲವೋ ಎಂದು ಗಮನಿಸದವನಿಗೆ ಬೇಕಾದರೆ ಒಂದು ಅಂಕ ಹೆಚ್ಚು ಕಳೆಯಿರಿ, ಅದು ನನ್ನ ಹಟ.

ತಿಶ್ರನಡೆ

ಸ್ವರ ಓದುವ ವೇಗದ ಪರೀಕ್ಷೆ ಬೇಡವೇ? "ಇ ಜಿ ಬಿ ಡಿ ಎಫ್" ಎಂದು ಗೆರೆ ಎಣಿಸಿ ಹೇಳುವವನೂ ಪತ್ರಿಕೆಯಲ್ಲಿ 20ಕ್ಕೆ 20 ತೆಗೆಯುತ್ತಾನೆ, ನುಡಿಸಲು ಕೂತರೆ ಪ್ರತಿ ಸ್ವರಕ್ಕೂ ನಿಲ್ಲುತ್ತಾನೆ. ಒಂದು ಹಾಳೆಯಲ್ಲಿ 30 ಸ್ವರ, ಒಂದು ನಿಮಿಷ. ಆರಂಭಿಕರಿಗೆ 20 ಸರಿ ಬಂದರೆ ಸಾಕು. ಲೆಡ್ಜರ್ ಗೆರೆಯ (ಸ್ಟಾಫಿನ ಹೊರಗೆ ಎಳೆಯುವ ತುಂಡು ಗೆರೆಯ) ಸ್ವರಗಳು ನಾಲ್ಕಕ್ಕಿಂತ ಹೆಚ್ಚು ಬೇಡ.

ಮಂದ್ರಮಧ್ಯಮ

ಉತ್ತೀರ್ಣಕ್ಕೆ ಎಷ್ಟಿಡಲಿ? ದೊಡ್ಡ ಪರೀಕ್ಷಾ ಮಂಡಳಿಗಳು ಹೇಗೆ ಮಾಡುತ್ತವೆ?

ಎಣಿಕೆಗಾರ

ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನ ಥಿಯರಿಯ 1ರಿಂದ 5ನೇ ಗ್ರೇಡ್‌ವರೆಗೆ 75ಕ್ಕೆ 50 ಪಾಸ್, 60 ಮೆರಿಟ್, 65 ಡಿಸ್ಟಿಂಕ್ಷನ್. ಅಂದರೆ ಮೂರರಲ್ಲಿ ಎರಡು ಪಾಲು. ಆ ಅಳತೆ ಒಟ್ಟು ಅಂಕಕ್ಕೆ ಸರಿ. ಆದರೆ ಮುಂದಿನ ಹಂತಕ್ಕೆ ಕಳಿಸುವ ತೀರ್ಮಾನವನ್ನು ಭಾಗವಾರು ಮಾಡಿ. ಇಂಟರ್ವಲ್‌ನಲ್ಲಿ 5ಕ್ಕೆ 1 ಬಂದವನನ್ನು ಉಳಿದ ಅಂಕದ ಬಲದಿಂದ ಮೇಲಕ್ಕೆ ಹಾಕಿದರೆ ಕಾರ್ಡ್ ಪಾಠದಲ್ಲಿ ಅದೇ ರಂಧ್ರಕ್ಕೆ ಬೀಳುತ್ತಾನೆ. ಪರೀಕ್ಷೆ ಮುಗಿದ ಮೇಲೆ ಒಂದು ಹಾಳೆಯಲ್ಲಿ ಪ್ರಶ್ನೆ ಅಡ್ಡಕ್ಕೆ, ಆಯ್ಕೆ ಉದ್ದಕ್ಕೆ ಬರೆದು ಎಷ್ಟು ಜನ ಎಲ್ಲಿ ಟಿಕ್ ಹಾಕಿದರು ಎಂದು ಗೀಟು ಹಾಕಿ. ಯಾರೂ ಮುಟ್ಟದ ಆಯ್ಕೆಯನ್ನು ಮುಂದಿನ ಸಲಕ್ಕೆ ಬದಲಿಸಿ. ಚೆನ್ನಾಗಿ ಬರೆದವರೇ ಒಂದು ಪ್ರಶ್ನೆಯಲ್ಲಿ ಸಾಲಾಗಿ ತಪ್ಪಿದ್ದರೆ ಮೊದಲು ಉತ್ತರಸೂಚಿಯನ್ನು ಅನುಮಾನಿಸಿ.

ಮಂದ್ರಮಧ್ಯಮ

ಸರಿ. ತಿದ್ದಿದ ಐದು ಹೀಗಿವೆ:

4. ಕೊಟ್ಟಿರುವ ಆರು ಎಯ್ತ್ ನೋಟ್‌ಗಳಿಗೆ 3/4 ಮತ್ತು 6/8ರಲ್ಲಿ ಬೀಮ್ ಹಾಕಿ, ಬೀಟ್‌ಗಳನ್ನು ಬಾಣದಿಂದ ಗುರುತಿಸಿ.
7. ಈ ಕೀ ಸಿಗ್ನೇಚರ್ (ಮೂರು ಶಾರ್ಪ್) ಯಾವ ಮೇಜರ್ ಕೀಯದು? (ಜಿ / ಸಿ ಶಾರ್ಪ್ / ಎ / ಇ ಫ್ಲಾಟ್)
11. ಸ್ಟಾಫಿನ ಮೇಲಿರುವ ಇಂಟರ್ವಲ್ ಹೆಸರಿಸಿ: ಡಿ–ಬಿ ಫ್ಲಾಟ್. (ಮೇಜರ್ ಸಿಕ್ಸ್ತ್ / ಮೈನರ್ ಸಿಕ್ಸ್ತ್ / ಆಗ್ಮೆಂಟೆಡ್ ಫಿಫ್ತ್ / ಡಿಮಿನಿಶ್ಡ್ ಸಿಕ್ಸ್ತ್). ಇದರ ಜೋಡಿ, ಎ–ಎಫ್, 19ರಲ್ಲಿ.
15. ಪಿಯಾನೋದಲ್ಲಿ ಸಿ ಶಾರ್ಪ್‌ನ ಮನೆಗೆ ಇನ್ನೊಂದು ಹೆಸರು ಬರೆಯಿರಿ.
18. ಮಿಡಲ್ ಸಿಯನ್ನು ಟ್ರೆಬಲ್ ಕ್ಲೆಫಿನಲ್ಲೂ ಬೇಸ್ ಕ್ಲೆಫಿನಲ್ಲೂ ಬರೆಯಿರಿ.

ಕರಿಮನೆ

15ರ ಉತ್ತರಸೂಚಿಯಲ್ಲಿ ಡಿ ಫ್ಲಾಟ್ ಜೊತೆಗೆ ಬಿ ಡಬಲ್ ಶಾರ್ಪನ್ನೂ ಸೇರಿಸಿ. ಆರಂಭಿಕರಲ್ಲಿ ಬರೆಯುವವರು ಕಡಿಮೆ, ಬರೆದರೆ ತಪ್ಪು ಹಾಕಬಾರದಲ್ಲ. 18ಕ್ಕೆ ಸೂಚಿ: ಟ್ರೆಬಲ್‌ನಲ್ಲಿ ಕೆಳಗಿನ ಮೊದಲ ಲೆಡ್ಜರ್ ಗೆರೆ, ಬೇಸ್‌ನಲ್ಲಿ ಮೇಲಿನ ಮೊದಲ ಲೆಡ್ಜರ್ ಗೆರೆ. ಕ್ಲೆಫನ್ನು ನೀವೇ ಮುದ್ರಿಸಿ ಕೊಡಿ. ಬೇಸ್ ಕ್ಲೆಫಿನ ಎರಡು ಚುಕ್ಕಿ ನಾಲ್ಕನೇ ಗೆರೆಯ ಮೇಲೊಂದು ಕೆಳಗೊಂದು ಇವೆಯೇ ಎಂದು ಮುದ್ರಣಕ್ಕೆ ಮುಂಚೆ ಒಮ್ಮೆ ನೋಡಿ. ಕೆಲವು ಫಾಂಟ್‌ಗಳಲ್ಲಿ ಅವು ಜಾರಿ ಕೂತಿರುತ್ತವೆ.

ತಿಶ್ರನಡೆ

4ಕ್ಕೆ ಎರಡು ಅಂಕ ಅಲ್ಲ, ನಾಲ್ಕು ಇಡಿ. ಬೀಮ್‌ಗೆ ಒಂದೊಂದು, ಬಾಣಕ್ಕೆ ಒಂದೊಂದು.